ಬಟ್ಟೆಗೆ ಹತ್ತಿದ ಕೆಂಪು

ಅತ್ತಿಗೆ ಸೇಬು ಕೊಳ್ಳುವ ಮುನ್ನ ಅದರ ಸಿಪ್ಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡುತ್ತಿದ್ದರು. ಉಗುರಿನ ತುದಿಗೆ ಮೇಣ ಹತ್ತಿದರೆ ಹಣ್ಣನ್ನು ಇದ್ದಲ್ಲೇ ಇಟ್ಟು, ಅಂಗಡಿಯವನ ಮುಖವನ್ನೂ ಅದೇ ಕಣ್ಣಿನಿಂದ ಒಮ್ಮೆ ನೋಡುತ್ತಿದ್ದರು.

"ನನ್ನನ್ನೂ ಕೆರೆದು ನೋಡ್ತೀರಾ ಅತ್ತಿಗೆ?" ಎಂದು ಅವನು ಕೇಳಿದರೆ, "ನೀನೇನು ಹೊಳೀತಾ ಇಲ್ವಲ್ಲ, ನಿನ್ನ ಮೇಲೆ ಅನುಮಾನ ಇಲ್ಲ ಬಿಡು" ಎನ್ನುತ್ತಿದ್ದರು.

ಅವರು ಇಡೀ ಬೀದಿಗೆ ಅತ್ತಿಗೆ. ಅವರಿಗಿಂತ ಎಷ್ಟೋ ದೊಡ್ಡವರಾದ, ಕಾರು ಓಡಿಸಲು ಕಲಿಸುವ ಮೇಷ್ಟ್ರೂ ಹಾಗೆಯೇ ಕರೆಯುತ್ತಿದ್ದರು. ನಿಜಕ್ಕೂ ಅವರು ಅತ್ತಿಗೆಯಾಗಿದ್ದು ಒಬ್ಬನಿಗೆ ಮಾತ್ರ. ತಗಡಿನ ಷೆಡ್ಡಿನ ಎಡಭಾಗದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮೈದುನ ಕಂಪ್ರೆಸರಿನ ಸದ್ದನ್ನು ಮೀರಿಸಿ ದಿನವಿಡೀ "ಅತ್ತಿಗೇ" ಎಂದು ಕೂಗುತ್ತಿದ್ದ. ಕೇಳಿಸಿಕೊಂಡವರಿಗೆಲ್ಲ ಅದೇ ಅವರ ಹೆಸರಾಯಿತು. ಷೆಡ್ಡಿನ ಬಲಭಾಗ ಅತ್ತಿಗೆಯದು. ಅಲ್ಲಿ ಹೊಸ ಬಣ್ಣ ಹೊಡೆಯುವುದಿಲ್ಲ. ಇರುವ ಬಣ್ಣವನ್ನೇ ಎಬ್ಬಿಸುತ್ತಾರೆ.

ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನ ಬಣ್ಣ ಮುಸುಕು ಹಾಕಿಕೊಳ್ಳುತ್ತದೆ. ಕೆಂಪು ಮೊದಲು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಒಡೆದ ತುಟಿಯಂಥ ಮಾಸಲು ಗುಲಾಬಿಗೆ. ಕೊನೆಗೊಂದು ದಿನ ಬೆರಳಿಟ್ಟರೆ ಸೀಮೆಸುಣ್ಣದಂತೆ ಬಿಳಿಪುಡಿ ಹತ್ತುತ್ತದೆ. ಆ ಪುಡಿಯ ಪದರವನ್ನು ಪೇಸ್ಟ್ ಹಚ್ಚಿ, ಒದ್ದೆ ಬಟ್ಟೆಯಿಂದ ಸುತ್ತು ಸುತ್ತಾಗಿ ಉಜ್ಜಿ ತೆಗೆದರೆ ಕೆಳಗೆ ಹಳೆಯ ಕೆಂಪು ಎಚ್ಚರವಾಗುತ್ತದೆ. ಉಜ್ಜುವಾಗ ಬಟ್ಟೆಯೂ ಕೆಂಪಾಗುತ್ತದೆ. ಅದನ್ನು ಕಂಡು ಎದೆ ಒಡೆದುಕೊಳ್ಳದ ಮಾಲೀಕರೇ ಇರಲಿಲ್ಲ.

"ಅತ್ತಿಗೆ, ಬಣ್ಣ ಎಲ್ಲ ನಿಮ್ಮ ಬಟ್ಟೆಗೇ ಬಂತಲ್ಲ."

"ಬಟ್ಟೆಗೆ ಬಂದಿದ್ದು ಸತ್ತಿರೋದು. ಬದುಕಿರೋದು ಕಾರಲ್ಲೇ ಇದೆ. ನೀವು ಅತ್ತ ಹೋಗಿ ಕೂತ್ಕೊಳ್ಳಿ."

ಈ ಕೆಲಸವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಗಂಡ ಬದುಕಿದ್ದಾಗ ಷೆಡ್ಡಿಗೆ ಬಂದ ಎಲ್ಲ ಕಾರಿಗೂ ಒಂದೇ ಮದ್ದು, ಹಳೆಯದನ್ನು ಕೆರೆದು ಹೊಸ ಬಣ್ಣ ಹೊಡೆಯುವುದು. ಹಾಗೆ ಕೆರೆಯಲೆಂದು ನಿಲ್ಲಿಸಿದ್ದ ಒಂದು ಕಾರಿನ ಬಾಗಿಲನ್ನು ಅತ್ತಿಗೆ ಒಂದು ಮಧ್ಯಾಹ್ನ ಸುಮ್ಮನೆ ಉಜ್ಜುತ್ತ ಕೂತಿದ್ದರು. ಗಂಡ ಊಟ ಮುಗಿಸಿ ಬಂದಾಗ ಬಾಗಿಲಿನಲ್ಲಿ ಅವನ ಮುಖ ಕಾಣಿಸಿತು. ಮೀಸೆಗೆ ಅಂಟಿದ್ದ ಅನ್ನದ ಅಗುಳೂ ಕಾಣಿಸಿತು. ಅಗುಳನ್ನು ಒರೆಸಿಕೊಂಡು, "ಇದಕ್ಕೆ ಬಣ್ಣ ಬೇಡ" ಎಂದ. ಅವನು ತೀರಿಕೊಂಡ ಮೇಲೆ ಬಣ್ಣದ ಗನ್ನು ಮೈದುನನ ಕೈಗೆ ಹೋಯಿತು. ಬಟ್ಟೆ ಮತ್ತು ಪೇಸ್ಟಿನ ಡಬ್ಬ ಅತ್ತಿಗೆಯ ಕೈಯಲ್ಲಿ ಉಳಿದವು. ಆ ವರ್ಷ ಅವರನ್ನು ನೆಟ್ಟಗೆ ನಿಲ್ಲಿಸಿದ್ದು ಅದೊಂದೇ.

ಇಬ್ಬರ ಕಸುಬಿನ ನಡುವೆ ಸಣ್ಣದೊಂದು ಎದುರಾಟವಿತ್ತು. ಅತ್ತಿಗೆ ಎಬ್ಬಿಸಿದ ಕಾರಿಗೆ ಹೊಸ ಬಣ್ಣ ಬೇಕಿಲ್ಲ. ಅವರಿಂದ ಏಳದ ಕಾರು ಮೈದುನನ ಪಾಲು. "ಒಂದೆರಡನ್ನಾದ್ರೂ ಸಾಯೋಕೆ ಬಿಡಿ ಅತ್ತಿಗೆ, ನಾನೂ ಬದುಕಬೇಕಲ್ಲ" ಎಂದು ಅವನು ಚೇಷ್ಟೆ ಮಾಡುತ್ತಿದ್ದ. ಸಂಜೆ ಇಬ್ಬರೂ ಒಟ್ಟಿಗೆ ಷೆಡ್ಡು ಮುಚ್ಚಿ ಒಂದೇ ಮನೆಗೆ ನಡೆಯುತ್ತಿದ್ದರು. ಕೆಳಗಿನ ಕೋಣೆ ಅತ್ತಿಗೆಯದು, ಮೇಲಿನವು ಮೈದುನ ಮತ್ತು ಅವನ ಹೆಂಡತಿಯವು. ಅಡುಗೆಮನೆ ಒಂದೇ.

ಬೇರೆಯವರ ಕೆಲಸವನ್ನು ಪರೀಕ್ಷಿಸಲು ಅತ್ತಿಗೆಯ ಬಳಿ ಎರಡು ಉಪಾಯಗಳಿದ್ದವು. ಮೊದಲನೆಯದು, ಕೈಗೆ ತೆಳು ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ಟಿನ ಮೇಲೆ ಸವರುವುದು. ಬರಿಗೈಗೆ ಸಿಗದ ಒರಟೆಲ್ಲ ಚೀಲದೊಳಗಿನ ಬೆರಳಿಗೆ ಮರಳಿನಂತೆ ಸಿಗುತ್ತದೆ. ಎರಡನೆಯದು ಸ್ಪಿರಿಟ್. ಕೆಲವರು ಸತ್ತ ಪದರವನ್ನು ತೆಗೆಯದೆ ಅದರ ಮೇಲೆಯೇ ಎಣ್ಣೆ ಸವರಿ ಹೊಳೆಸಿ ಕಳಿಸುತ್ತಾರೆ. ಅಂಥ ಹೊಳಪು ನಾಲ್ಕು ಸಲ ತೊಳೆದರೆ ಹೋಗುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರಂತೂ ಆ ಕ್ಷಣವೇ ಎಣ್ಣೆ ಬಿಟ್ಟು ಬಿಳಿಚಿಕೊಳ್ಳುತ್ತದೆ. ಬೇರೆ ಕಡೆ ಪಾಲಿಶ್ ಮಾಡಿಸಿ ತಂದ ಕಾರುಗಳ ಮೇಲೆ ಅತ್ತಿಗೆ ಇದನ್ನು ಮಾಲೀಕರ ಎದುರೇ ಮಾಡಿ ತೋರಿಸುತ್ತಿದ್ದರು. "ಸ್ಪಿರಿಟ್ಟಿಗೆ ದಾಕ್ಷಿಣ್ಯ ಇಲ್ಲ ನೋಡಿ" ಎನ್ನುವಾಗ ಅವರ ಧ್ವನಿಯಲ್ಲಿ ಸ್ವಲ್ಪ ಸಂತೋಷವೂ ಇರುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಮೇಷ್ಟ್ರು ತಮ್ಮ ಕೆಂಪು ಕಾರನ್ನು ಮತ್ತೆ ಷೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಅರ್ಧ ಊರು ಓಡಿಸಲು ಕಲಿತ ಕಾರು ಅದು. ಗೇರು ಹಾಕಿದರೆ ನರಳುತ್ತಿತ್ತು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಮಳೆಗೆ ಮುಂಚೆ ನೀವು ಕೊಟ್ಟಾಗ ಇದರಲ್ಲಿ ನಾನು ಮುಖ ಕ್ಷೌರ ಮಾಡ್ಕೋಬಹುದಿತ್ತು. ಈಗ ನೋಡಿ."

ಬಾನೆಟ್ಟು ಸುಣ್ಣ ಬಳಿದಂತಿತ್ತು. ಅತ್ತಿಗೆ ಬೆರಳಿಟ್ಟರು. ಪುಡಿ ಹತ್ತಿತು.

"ಏನು ಹಾಕಿ ತೊಳೆದ್ರಿ?"

"ನೀರು."

"ಬರೀ ನೀರಾ?"

"ಇನ್ನೇನು, ಪನ್ನೀರು ಹಾಕ್ಲಾ?"

ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ಅತ್ತಿಗೆ ಮೊದಲು ಅಂದುಕೊಂಡರು. ಆದರೆ ಅದೇ ವಾರ ಫೋಟೋ ಸ್ಟುಡಿಯೋದವರ ನೀಲಿ ಕಾರೂ ಮಂಕಾಗಿ ಬಂತು. ಇಬ್ಬರೂ ಸುಳ್ಳುಗಾರರಾಗಿರಲಿಕ್ಕಿಲ್ಲ. ಹಾಗಾದರೆ ಪೇಸ್ಟೇ ಕೆಟ್ಟದ್ದೇ? ಬೇಸಿಗೆಯಿಂದ ಅವರು ಹೊಸ ಪೇಸ್ಟ್ ಬಳಸುತ್ತಿದ್ದರು. ಹಳೆಯದು ಮರಳಿನಂತೆ ಕಚ್ಚುತ್ತಿತ್ತು; ಅದನ್ನು ಉಜ್ಜಿ ಉಜ್ಜಿ ಬಲಗೈಯ ಮಣಿಕಟ್ಟು ಊದಿಕೊಂಡಿತ್ತು. ಹೊಸದು ಬೆಣ್ಣೆಯ ಹಾಗೆ. ಸ್ವಲ್ಪ ಸವರಿದರೂ ಹೊಳಪು ಏಳುತ್ತಿತ್ತು, ಬಟ್ಟೆಗೂ ಹೆಚ್ಚು ಬಣ್ಣ ಹತ್ತುತ್ತಿರಲಿಲ್ಲ. ಇಷ್ಟು ವರ್ಷಗಳ ಮೇಲೆ ತನ್ನ ಕೈ ಪಳಗಿತು, ಬೇಕಾದಷ್ಟನ್ನೇ ತೆಗೆಯುತ್ತಿದೆ ಎಂದು ಅತ್ತಿಗೆ ಹಿಗ್ಗಿದ್ದರು. ಪೇಸ್ಟ್ ಕೆಟ್ಟದ್ದಾಗಿದ್ದರೆ ಎಲ್ಲ ಕಾರೂ ಮಂಕಾಗಬೇಕಿತ್ತಲ್ಲ? ಅದೇ ಪೇಸ್ಟಿನಲ್ಲಿ ಎಬ್ಬಿಸಿದ ಬೇಕರಿಯವರ ಹಸಿರು ವ್ಯಾನು ದಿನಾ ಬೆಳಿಗ್ಗೆ ಬ್ರೆಡ್ಡು ಹೊತ್ತುಕೊಂಡು ಕನ್ನಡಿಯಂತೆ ಬೀದಿಯಲ್ಲಿ ಹಾದುಹೋಗುತ್ತಿತ್ತು. ಕೆಲವು ಕಾರು ಉಳಿಯುತ್ತವೆ, ಕೆಲವು ಕೆಡುತ್ತವೆ ಎಂದರೆ ನಡುವೆ ಯಾರದೋ ಕೈ ಇದೆ.

ಕೈ ಎಂದ ಮೇಲೆ ಅದು ಒಂದು ಮೈಗೆ ಸೇರಿರಬೇಕು. ಅತ್ತಿಗೆ ಷೆಡ್ಡಿನ ಎಡಭಾಗದ ಕಡೆ ನೋಡತೊಡಗಿದರು.

ನೋಡಲು ಹೊರಟವರಿಗೆ ಕಾಣುವುದಕ್ಕೇನು ಕೊರತೆ. ಮೈದುನ ಈಚೆಗೆ ಬೆಳಿಗ್ಗೆ ತಮಗಿಂತ ಮುಂಚೆ ಷೆಡ್ಡಿಗೆ ಬರುತ್ತಾನೆ. ಮೊದಲೆಲ್ಲ ಎಬ್ಬಿಸಲು ಮೂರು ಸಲ ಕೂಗಬೇಕಿತ್ತು. ಬಲಭಾಗದ ನೆಲ ಕೆಲವು ದಿನ ಒದ್ದೆಯಾಗಿರುತ್ತದೆ. ಕೇಳಿದರೆ "ಧೂಳು ಅಂತ ನೀರು ಚಿಮುಕಿಸಿದೆ" ಎನ್ನುತ್ತಾನೆ, ಕಣ್ಣು ಕೊಡದೆ. ತಮಾಷೆಯನ್ನೂ ನಿಲ್ಲಿಸಿದ್ದಾನೆ. "ಒಂದೆರಡನ್ನಾದ್ರೂ ಸಾಯೋಕೆ ಬಿಡಿ" ಎಂಬ ಆ ಹಳೆಯ ಮಾತು ಅತ್ತಿಗೆಗೆ ಈಗ ಬೇರೆ ಥರ ಕೇಳಿಸಿತು. ಮೇಷ್ಟ್ರು ಬೇಸತ್ತು ಹೊಸ ಬಣ್ಣವನ್ನೇ ಹೊಡೆಸುತ್ತೇನೆಂದರೆ ಅದು ಯಾರ ಪಾಲು?

ಒಂದು ದಿನ ಅವನು ಊಟಕ್ಕೆ ಹೋದಾಗ ಅತ್ತಿಗೆ ಅವನ ಥಿನ್ನರ್ ಡಬ್ಬಗಳನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ಬಟ್ಟೆಯ ಒಂದು ಮುದ್ದೆ ಇತ್ತು. ಬಿಡಿಸಿದರು. ಎರಡು ಬಟ್ಟೆ, ಒಂದು ಹಸಿರು, ಒಂದು ಕಡು ಕೆಂಪು. ಗನ್ನಿನಿಂದ ಚಿಮ್ಮಿದ ಬಣ್ಣವಾದರೆ ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಒಣಗಿ ಗರಿಗರಿಯಾಗುತ್ತದೆ. ಇದು ಹಾಗಿರಲಿಲ್ಲ. ಉಜ್ಜಿ ಉಜ್ಜಿ ನೂಲಿನೊಳಕ್ಕೆ ಇಳಿದ ಬಣ್ಣ. ಹಸಿರು ಬೇಕರಿ ವ್ಯಾನಿನದು. ವ್ಯಾನಿನ ಸರದಿಯೂ ಬರಲಿದೆ ಎಂದುಕೊಂಡರು. ಕೆಂಪು ಯಾರ ಕಾರಿನದೆಂದು ಯೋಚಿಸಬೇಕಾಗಲೇ ಇಲ್ಲ. ತಾನು ಎಬ್ಬಿಸಿದ ಬಣ್ಣವನ್ನು ಇವನು ಕದ್ದು ಕೆರೆದು ತೆಳ್ಳಗೆ ಮಾಡುತ್ತಿದ್ದಾನೆ, ಬಿಸಿಲು ಮಳೆಗೆ ತಡೆಯದಷ್ಟು ತೆಳ್ಳಗೆ. ಆ ಕೆಂಪು ಬಟ್ಟೆ ಅವರ ಗಂಡನ ಹಳೆಯ ಅಂಗಿಯ ಬೆನ್ನಾಗಿತ್ತು.

ಆದರೂ ಅವರು ದುಡುಕಲಿಲ್ಲ. ಆ ಸಂಜೆ ಮುಗಿಸಿದ ಕಂದು ಬಣ್ಣದ ಕಾರೊಂದರ ಬಾನೆಟ್ಟಿನ ಅಂಚಿಗೆ, ಯಾರಿಗೂ ಕಾಣದ ಕಡೆ, ಹೆಬ್ಬೆರಳಿನಿಂದ ಚೂರು ಪೇಸ್ಟ್ ಒತ್ತಿ ಬಂದರು. ಬೆಳಿಗ್ಗೆ ನೋಡಿದರೆ ಗುರುತು ಇರಲಿಲ್ಲ. ಅಂಚು ಸ್ವಚ್ಛವಾಗಿತ್ತು. ನೆಲ ಒದ್ದೆಯಾಗಿತ್ತು.

ಮೈದುನ ಗನ್ನಿಗೆ ಬಣ್ಣ ತುಂಬುತ್ತಿದ್ದ. ಅತ್ತಿಗೆ ಬಟ್ಟೆಯ ಮುದ್ದೆಯನ್ನು ಅವನ ಮುಂದೆ ಹಿಡಿದರು.

"ಇದೇನು?"

"ಬಟ್ಟೆ."

"ಬಟ್ಟೆ ಅಂತ ನಂಗೂ ಕಾಣುತ್ತೆ. ನನ್ನ ಕಾರುಗಳನ್ನ ಮುಟ್ಟಿದ್ದೀಯಾ, ಇಲ್ವಾ?"

"ಸಂಜೆ ಮಾತಾಡೋಣ ಅತ್ತಿಗೆ. ಗನ್ನಲ್ಲಿ ಬಣ್ಣ ಒಣಗುತ್ತೆ."

"ಒಣಗ್ಲಿ. ನಾನು ಎಬ್ಬಿಸಿದ್ದನ್ನ ನೀನು ಕೊಂದು ಹಾಕ್ತಿದ್ದೀಯ. ಮುಟ್ಟಿದ್ದೀಯಾ?"

"ಮುಟ್ಟಿದ್ದೀನಿ."

"ಯಾಕೆ?"

ಅವನು ಅವರ ಊದಿದ ಮಣಿಕಟ್ಟನ್ನು ನೋಡಿದ. "ಯಾಕೆ ಅಂತ ನೀವಾಗ್ಲೇ ಹೇಳಿ ಆಯ್ತಲ್ಲ. ಕೊಂದೆ ಅಂತ. ಅದೇ ಇರ್ಲಿ."

"ಹಾಗಾದ್ರೆ ನಿನ್ನ ಕಂಪ್ರೆಸರ್ ಬೇರೆ ಕಡೆ ಇಟ್ಕೋ. ಷೆಡ್ಡಿನ ಬೀಗದ ಕೈ ಇಲ್ಲಿ ಕೊಡು."

ಅವನು ಜೇಬಿನಿಂದ ಬೀಗದ ಕೈ ತೆಗೆದು ಪೇಸ್ಟಿನ ಡಬ್ಬದ ಮೇಲಿಟ್ಟ. ಕೈಗೆ ಕೊಡಲಿಲ್ಲ.

ಮನೆಯಲ್ಲಿ ಓರಗಿತ್ತಿಗೆ ವಿಷಯ ತಿಳಿದಾಗ ಅವಳು, "ಕಾರಾ?" ಎಂದಳು. "ಅಕ್ಕಾ, ಇವ್ರು ಬೆಳಿಗ್ಗೆ ಕಾಫಿನೂ ಕುಡೀದೆ ಓಡ್ತಿದ್ರು. ನಾನು ಬೇರೆ ಏನೋ ಅಂದ್ಕೊಂಡು ಅಂಗಿಯೆಲ್ಲ ಮೂಸಿ ನೋಡಿದ್ದೆ. ಬರೀ ಕಾರಾ?" ಮೊದಲು ಅವಳಿಗೆ ಸಮಾಧಾನವಾಯಿತು, ಆಮೇಲೆ ಅಳು ಬಂತು. ಮರುದಿನ ಅಡುಗೆಮನೆಯ ಕಪಾಟು ತೆಗೆದು ಪಾತ್ರೆಗಳನ್ನು ಎರಡು ಗುಂಪು ಮಾಡತೊಡಗಿದಳು.

"ಈ ಸೌಟು ನಿಮ್ದಾ, ನಮ್ದಾ ಅಕ್ಕ?"

ಅತ್ತಿಗೆಗೆ ಗೊತ್ತಿರಲಿಲ್ಲ. ಆ ಸೌಟನ್ನು ಯಾರು ತಂದದ್ದೆಂದು ಯಾರಿಗೂ ನೆನಪಿರಲಿಲ್ಲ. ಅದು ಎರಡು ಗುಂಪಿನ ನಡುವೆ ನೆಲದ ಮೇಲೆ ಹಾಗೆಯೇ ಬಿದ್ದಿತ್ತು. ಮೈದುನ ಟೈರ್ ಅಂಗಡಿಯ ಹಿಂದೆ ಜಾಗ ನೋಡಿ ಬಂದ. ಊಟದ ಹೊತ್ತಿಗೆ ಅವನು ಮೇಲಿನಿಂದ ಇಳಿದು ಬರಲಿಲ್ಲ. ತಟ್ಟೆ ಮೆಟ್ಟಿಲು ಹತ್ತಿ ಹೋಯಿತು. ಅನುಮಾನ ನಿಜವಾದಾಗ ಸಿಗಬೇಕಾದ ನೆಮ್ಮದಿಗಾಗಿ ಅತ್ತಿಗೆ ಕಾದರು. ತಾನು ಎತ್ತಿ ಆಡಿಸಿದ್ದ ಹುಡುಗ ತನಗೇ ದ್ರೋಹ ಬಗೆದನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತಿತು.

ಆ ವಾರವೆಲ್ಲ ಅವರು ಮೇಷ್ಟ್ರ ಕಾರನ್ನು ಮೊದಲಿನಿಂದ ಎಬ್ಬಿಸಿದರು. ಬೀಗದ ಕೈ ಸೊಂಟದಲ್ಲೇ ಇತ್ತು. ಬೆಳಿಗ್ಗೆ ಬೀಗ ತೆಗೆಯುವವರೂ ಅವರೇ, ಸಂಜೆ ಹಾಕಿ ಎಳೆದು ನೋಡುವವರೂ ಅವರೇ. ಮೈದುನ ಹಗಲಲ್ಲಿ ಬಂದು ತನ್ನ ಸಾಮಾನು ಕಟ್ಟಿಕೊಳ್ಳುತ್ತಿದ್ದ. ಬಲಭಾಗದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾರು ಕೆಂಡದಂತೆ ಎದ್ದಿತು. ಬಾನೆಟ್ಟಿನಲ್ಲಿ ತಗಡಿನ ಚಾವಣಿಯ ಮೊಳೆಗಳು ಕಾಣುತ್ತಿದ್ದವು.

ಮೇಷ್ಟ್ರು ಕಾರು ಒಯ್ಯಲು ಬಂದ ದಿನವೇ ಮೈದುನ ಕಂಪ್ರೆಸರನ್ನು ಗೂಡ್ಸ್ ಗಾಡಿಗೆ ಏರಿಸಿ ಹಗ್ಗ ಬಿಗಿದಿದ್ದ. ಅವನಿಗೂ ಕೇಳಿಸಲೆಂದು ಅತ್ತಿಗೆ ದನಿಯೇರಿಸಿದರು.

"ಮೇಷ್ಟ್ರೇ, ಈ ಸಲ ಇದಕ್ಕೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಬಿದ್ದಿಲ್ಲ. ಬಾಯಲ್ಲಿ ಹೇಳಲ್ಲ, ತೋರಿಸ್ತೀನಿ."

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಾನೆಟ್ಟಿನ ನಟ್ಟನಡುವೆ ಒರೆಸಿದರು. ಅಂಗೈಯಗಲದ ಜಾಗ ಒದ್ದೆಯಾಗಿ ಹೊಳೆಯಿತು. ಸ್ಪಿರಿಟ್ ಆರುತ್ತ ಬಂದಂತೆ ಆ ಜಾಗದ ಕೆಂಪು ಹಿಂದೆ ಸರಿಯಿತು. ಮಾಸಲು ಗುಲಾಬಿ ಬಂತು, ಆಮೇಲೆ ಬಿಳಿಪು. ಕೆಂಡದ ನಡುವೆ ಬೂದಿ ಕೂತಂತೆ.

ಅತ್ತಿಗೆ ಬಾಗಿಲಿನ ಮೇಲೆ ಒರೆಸಿದರು. ಅಲ್ಲೂ ಬಿಳಿ. ಚಾವಣಿಯ ಮೇಲೆ, ಹಿಂದಿನ ಡಿಕ್ಕಿಯ ಮೇಲೆ. ಕೈ ಹೋದಲ್ಲೆಲ್ಲ ಬಿಳಿ. ಹತ್ತಿಯನ್ನು ತಿರುಗಿಸಿ ನೋಡಿದರೆ ಅದಕ್ಕೆ ಎಣ್ಣೆಯ ಜಿಡ್ಡು ಹತ್ತಿತ್ತು. ಕೆಂಪು ಒಂದು ಎಳೆಯೂ ಇರಲಿಲ್ಲ. ಬೀಗ ಅವರದೇ, ಪೇಸ್ಟ್ ಅವರದೇ, ಉಜ್ಜಿದ ಕೈಯೂ ಅವರದೇ. ಬೆಣ್ಣೆಯಂಥ ಆ ಹೊಸ ಪೇಸ್ಟ್ ಸತ್ತ ಪದರವನ್ನು ತೆಗೆದೇ ಇರಲಿಲ್ಲ, ಅದಕ್ಕೆ ಎಣ್ಣೆ ಕುಡಿಸಿ ಮಲಗಿಸಿತ್ತು. ಬಟ್ಟೆಗೆ ಬಣ್ಣ ಹತ್ತದಿದ್ದುದು ಕೈ ಪಳಗಿದ್ದರಿಂದಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದೇನು ಅತ್ತಿಗೆ, ಮುಖ ತೊಳೆದ ನಾಟಕದ ರಾಣಿ ಆಯ್ತಲ್ಲ ನನ್ನ ಕಾರು."

ಅತ್ತಿಗೆ ಮೈದುನನ ಕಡೆ ತಿರುಗಿದರು. ಅವನು ಗಾಡಿಯ ಪಕ್ಕದಲ್ಲಿ ಹಗ್ಗದ ತುದಿ ಹಿಡಿದು ನಿಂತಿದ್ದ.

"ಬೇಕರಿ ವ್ಯಾನು?"

"ನಾನು ಉಜ್ಜಿದ್ದು. ಹಳೇ ಪೇಸ್ಟಲ್ಲಿ."

"ಆ ಕೆಂಪು ಬಟ್ಟೆ ಮೇಷ್ಟ್ರ ಕಾರಿಂದಲ್ವಾ?"

"ಔಷಧಿ ಅಂಗಡಿಯವರ ಕಾರಿಂದು. ಮೇಷ್ಟ್ರು, ಸ್ಟುಡಿಯೋದವರು ನೀವು ಮುಗಿಸಿದ ಸಂಜೆನೇ ಬಂದು ತಗೊಂಡು ಹೋದ್ರು. ಬೆಳಿಗ್ಗೆವರೆಗೂ ನಿಂತಿದ್ದು ನನ್ನ ಕೈಗೆ ಸಿಕ್ತು, ಉಳೀತು. ಸಿಗದೇ ಇದ್ದಿದ್ದು ಕೆಡ್ತು."

"ಬೆಳಿಗ್ಗೆ ಬಂದು ನನ್ನ ಕೆಲಸ ಮತ್ತೆ ಮಾಡ್ತಿದ್ದೆ."

"ಆ ಬೆಣ್ಣೆ ಡಬ್ಬ ಬಂದಾಗಿಂದ."

"ಹೇಳೋಕೆ ಬಾಯಿರ್ಲಿಲ್ವಾ?"

"ನಿಮ್ಮ ಕೈ ಊದಿತ್ತು. ಹೇಳಿದ್ರೆ ಹಳೇ ಪೇಸ್ಟ್ ಹಿಡ್ಕೊಂಡು ಕೈ ಮುರಿಯೋ ತನಕ ಉಜ್ಜೋರು ನೀವು. ಇಲ್ಲಾಂದ್ರೆ ಬಿಟ್ಟು ಮನೇಲಿ ಕೂರೋರು. ಎರಡೂ ನಂಗೆ ಬೇಡವಾಗಿತ್ತು." ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಭಯಾನೂ ಇತ್ತು. ನಿಮ್ಮ ಬಾಯಿ ಗೊತ್ತಲ್ಲ" ಎಂದ.

ಮೇಷ್ಟ್ರು ಇವರಿಬ್ಬರ ಮುಖವನ್ನೂ ನೋಡಿ, ಬೀದಿಯಾಚೆಗಿನ ಯಾವುದೋ ಬೋರ್ಡನ್ನು ಗಮನವಿಟ್ಟು ಓದತೊಡಗಿದರು.

"ಮೇಷ್ಟ್ರೇ," ಎಂದರು ಅತ್ತಿಗೆ. "ಕಾರು ಕೆಡಿಸಿದ್ದು ನಾನು. ಮೊದಲ ಸಲವೂ ನಾನೇ. ನೀವು ಬರೀ ನೀರಲ್ಲೇ ತೊಳೆದಿದ್ದೀರಿ. ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀನಿ." ಆಮೇಲೆ ಮೈದುನನಿಗೆ, "ಹಗ್ಗ ಬಿಚ್ಚು" ಎಂದರು.

ಅವನು ಬಿಚ್ಚಲಿಲ್ಲ. "ಕದ್ದು ಉಜ್ಜಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ನೀವು ನನ್ನ ಒಂದ್ಸಲ ಕೂರಿಸಿ ಕೇಳ್ಬಹುದಿತ್ತು ಅತ್ತಿಗೆ."

"ಕೇಳಿದ್ನಲ್ಲ."

"ಅದು ಕೇಳಿದ್ದಲ್ಲ. ಕೊಂದೆ ಅಂತ ಹೇಳಿ, ಆಮೇಲೆ ಯಾಕೆ ಅಂದ್ರಿ. ಅಣ್ಣ ಇದ್ದಿದ್ರೆ ಮೊದ್ಲು ಯಾಕೆ ಅನ್ನೋನು."

ಅತ್ತಿಗೆ ಗಾಡಿಯ ಹತ್ತಿರ ಹೋಗಿ ತಾವೇ ಗಂಟಿಗೆ ಕೈ ಹಾಕಿದರು. ಗಂಟು ಬಿಗಿಯಾಗಿತ್ತು. ಬಲಗೈಯ ಹೆಬ್ಬೆರಳು ಒತ್ತಿದ್ದಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಎಳೆದರು, ಹಲ್ಲು ಕಚ್ಚಿಕೊಂಡು ಮತ್ತೆ ಬಲಗೈ ಹಾಕಿದರು. ಮೈದುನ ನೋಡುತ್ತ ನಿಂತ. ಸಹಾಯಕ್ಕೆ ಬರಲಿಲ್ಲ, ಬೇಡವೆನ್ನಲೂ ಇಲ್ಲ. ಗಾಡಿಯ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಹೋಗೋದಾ, ಇರೋದಾ? ಒಂದು ಹೇಳ್ರಪ್ಪ" ಎಂದ. ಅತ್ತಿಗೆಯ ಕಣ್ಣಿನ ನೀರು ಗಂಟಿನ ಮೇಲೆ ಬಿದ್ದಾಗ ಮೈದುನ ಅವರ ಕೈಯನ್ನು ಮಣಿಕಟ್ಟು ನೋಯದಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದೇ ಎಳೆತಕ್ಕೆ ಹಗ್ಗ ಬಿಚ್ಚಿದ.

ಕಂಪ್ರೆಸರ್ ತನ್ನ ಜಾಗಕ್ಕೆ ಮರಳಿತು. ಹಳೆಯ ಪೇಸ್ಟಿನಲ್ಲಿ ಉಜ್ಜುವ ಕೆಲಸ ಮೈದುನನಿಗೆ ಬಂತು. ಎಲ್ಲಿ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಚೀಲ ತೊಟ್ಟ ಕೈಯಿಂದ ಸವರಿ ಹೇಳುವುದು ಅತ್ತಿಗೆಯ ಕೆಲಸವಾಯಿತು. ಮೇಷ್ಟ್ರ ಕಾರಿನ ನಿಜವಾದ ಕೆಂಪನ್ನು ಇಬ್ಬರೂ ಸೇರಿ ಹೊರತೆಗೆದರು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಮೊದಲಿನಂತಾಯಿತು ಅನ್ನಿಸಿರಬೇಕು.

ಆದರೆ ಮೈದುನ ಬಲಭಾಗದ ಯಾವುದನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. "ಈ ಬಾಗಿಲು ಮುಟ್ಟಲಾ ಅತ್ತಿಗೆ?" "ಬಕೆಟ್ಟು ಮುಟ್ಟಬಹುದಾ?" ಕೊಂಕಿನಿಂದ ಕೇಳಿದ್ದರೆ ಅತ್ತಿಗೆ ತಿರುಗಿ ಬೈಯುತ್ತಿದ್ದರು. ಅವನು ಮೆತ್ತಗೆ, ನಿಜವಾಗಿಯೇ ಅಪ್ಪಣೆ ಬೇಕಾದವನಂತೆ ಕೇಳುತ್ತಿದ್ದ. ಅತ್ತಿಗೆ ಪ್ರತಿ ಸಲವೂ "ಮುಟ್ಟಪ್ಪ" ಎನ್ನುತ್ತಿದ್ದರು. ಬೇರೆ ಶಿಕ್ಷೆ ಯಾವುದಾದರೂ ಇದ್ದರೆ ಅದನ್ನೇ ಆರಿಸಿಕೊಳ್ಳುತ್ತಿದ್ದರೇನೋ. ಬೀಗದ ಕೈಯನ್ನು ಅವನ ಅಂಗೈಯಲ್ಲಿಡಲು ಹೋದಾಗ, "ನಿಮ್ಮ ಹತ್ರಾನೇ ಇರ್ಲಿ" ಎಂದ.

ಚಳಿಗಾಲ ಬಂದು ಹೋಯಿತು. ಒಂದು ಬೆಳಿಗ್ಗೆ ಕಪ್ಪು ಕಾರೊಂದರ ಮುಂದೆ ಇಬ್ಬರೂ ಬಗ್ಗಿ ನಿಂತಿದ್ದರು. ಅತ್ತಿಗೆ ಬಾನೆಟ್ಟಿನ ಮೂಲೆ ಸವರುತ್ತ, "ಇಲ್ಲಿ ಇನ್ನೂ ಸ್ವಲ್ಪ ಕೂತಿದೆ" ಎಂದರು. ಮೈದುನ ಉಜ್ಜುವ ಭರದಲ್ಲಿದ್ದ. ತಲೆಯೆತ್ತದೆಯೇ ಅವರ ಹೆಗಲ ಮೇಲಿದ್ದ ಒಣ ಬಟ್ಟೆಯನ್ನು ಎಳೆದುಕೊಂಡು ಒರೆಸಿ, ಮತ್ತೆ ಅಲ್ಲಿಗೇ ಎಸೆದ. ಬಟ್ಟೆ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು.

ಅತ್ತಿಗೆಗೆ ಗೊತ್ತಾಯಿತು. ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದರೆ ಎಲ್ಲಿ ಮತ್ತೆ ಕೇಳಲು ಶುರುಮಾಡುತ್ತಾನೋ ಎಂದು ಅವರು ಬಟ್ಟೆಯನ್ನು ಸದ್ದಿಲ್ಲದೆ ಎತ್ತಿ ಧೂಳು ಕೊಡವಿದರು, ಅವನ ಕೈಗೆ ಸಿಗುವ ಹಾಗೆ ಹೆಗಲಿಗೆ ಹಾಕಿಕೊಂಡು ನಿಂತರು.